ಪ್ರಕ್ಷಿಪ್ತದ ಪ್ರಭಾವ: ‘ಲಾಸ್ಟ್’ ಮಾಲಿಕೆಯ ಕೊನೆಯ ಕಂತು

ಅಮೆರಿಕದ ಎ.ಬಿ.ಸಿ. ವಾಹಿನಿಯಲ್ಲಿ 2004ರಿಂದ 2010ರವರೆಗೆ ಪ್ರಸಾರವಾದ ‘ಲಾಸ್ಟ್’ ಎಂಬ ರಹಸ್ಯಕಥಾಮಾಲಿಕೆಯು ವಿಮಾನಾಪಘಾತದಲ್ಲಿ ಬದುಕುಳಿದು ದ್ವೀಪವೊಂದನ್ನು ಸೇರಿದವರ ಕಥೆ. 2010ರ ಮೇ 23ರಂದು ಅದರ ಕೊನೆಯ ಕಂತು ಮುಗಿದೊಡನೆ ಅಭಿಮಾನಿಗಳಲ್ಲಿ ವಿವಾದವೆದ್ದಿತು. ಅಪಘಾತದ ದಿನವೇ ಇವರೆಲ್ಲರೂ ಸತ್ತಿದ್ದರೇ ಎಂಬುದು ಅದರ ತಿರುಳು. ಹೌದೆಂದರೆ, ಆರು ವರ್ಷ ಕಂಡ ಸ್ನೇಹ, ತ್ಯಾಗ, ಅಪರಾಧಗಳೆಲ್ಲ ಬರಿಯ ಭ್ರಮೆಯಾಗುತ್ತವೆ.

ಈ ಪಕ್ಷದವರು ಮುಖ್ಯವಾಗಿ ಆಧರಿಸಿದುದು, ಕೊನೆಯಲ್ಲಿ ಕಲಾವಿದರ ಹೆಸರುಗಳೊಡನೆ ತೋರಿಸಿದ, ನಿರ್ಜನ ಕಡಲತೀರದ ವಿಮಾನಾವಶೇಷಗಳ ಚಿತ್ರಗಳನ್ನು. ಆದರೆ ಅವು ಕಥೆಯ ಅಂಗವಲ್ಲವೆಂದೂ, ವಾರ್ತಾಪ್ರಸಾರಕ್ಕೆ ಮುನ್ನ ನೋಡುಗರ ಮನಸ್ಸು ತುಸು ವಿರಮಿಸಲೆಂದು ತೋರಿಸಿದುವೆಂದೂ ವಾಹಿನಿಯೇ ಬಳಿಕ ತಿಳಿಸಿತು. ಹಸ್ತಪ್ರತಿಶಾಸ್ತ್ರದ ಪರಿಭಾಷೆಯಲ್ಲಿ ಇವು ಪ್ರಕ್ಷಿಪ್ತಗಳು. ಅಂತಃಸಾಕ್ಷ್ಯವೂ ಈ ವಾದಕ್ಕೆ ವಿರುದ್ಧವೇ. ಕಂತಿನ ಕೊನೆಗೆ ನಾಯಕ ಜ್ಯಾಕ್‌ನ ಮೃತ ತಂದೆಯು, ನಡೆದುದೆಲ್ಲ ನಿಜವೆಂದೂ, ಕೆಲವರು ಅವನಿಗಿಂತ ಮೊದಲು, ಕೆಲವರು ಬಹುಕಾಲದ ನಂತರ ಸತ್ತರೆಂದೂ ಮಗನಿಗೆ ಹೇಳುತ್ತಾನೆ. ಆರನೆಯ ವರ್ಷದ ಕಂತುಗಳಲ್ಲಿ ಕಾಣುವ ಸಮಾಂತರ ಜೀವನ ಮಾತ್ರವೇ ಮರಣೋತ್ತರವಾದುದು.

ಹಾಗೆಂದು ಭ್ರಮಿಸಿದವರನ್ನು ಹಳಿಯುವುದು ಉಚಿತವಲ್ಲ. ಪ್ರತಿಯೊಂದು ಚಿತ್ರದಲ್ಲಿಯೂ ಸುಳಿವನ್ನರಸುವ ಅಭ್ಯಾಸವನ್ನು ಕಲಿಸಿದವರು ಮಾಲಿಕೆಯ ಕರ್ತೃಗಳೇ. ಆದರೂ ಆಧಾರವೊಂದಕ್ಕೆ ಅರ್ಥ ಹೇಳುವ ಮೊದಲು, ಅದನ್ನು ಅಲ್ಲಿರಿಸಿದವರಾರು, ಏತಕ್ಕಾಗಿ ಎಂದು ಕೇಳಬೇಕಷ್ಟೆ. ಶಾಸನಗಳಿಗೆ ನಾವು ಅನ್ವಯಿಸುವ ಈ ನಿಯಮವು ದೂರದರ್ಶನದ ಕಥೆಗೂ ಸಲ್ಲತಕ್ಕದ್ದೆಂದು ನಮ್ಮ ಮತ.