ಕಲ್ಲಿನ ತಾಯಿಯೂ ಇಬ್ಬರು ಗೆಳೆಯರೂ

ದೂರದರ್ಶನದ ಕಥೆಗಳನ್ನು ವಿಮರ್ಶಿಸುವುದು ಈ ಪತ್ರಿಕೆಯ ವಾಡಿಕೆಯಲ್ಲ. ವಾಚಕ ಮಹಾಶಯರು ಈ ಒಂದು ಸಲಕ್ಕೆ ಮನ್ನಿಸಬೇಕು. ನಾನು ವಾಣಿಜ್ಯ ಪದವಿಗಾಗಿ ಓದಿದ ಎಂಬತ್ತರ ದಶಕದಲ್ಲಿ ಭಾನುವಾರಗಳಂದು ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ವೈಜ್ಞಾನಿಕ ಧಾರಾವಾಹಿ ಬರುತ್ತಿತ್ತು. ಬಂಧುಗಳ ಮನೆಯಲ್ಲಿ ಕುಳಿತು ನೋಡಿದ್ದುಂಟು. ಆದರೆ ಆ ವೇಗದ ಇಂಗ್ಲಿಷಿನಲ್ಲಿ ಅರ್ಧ ಕೈಗೆ ಸಿಗುತ್ತಿರಲಿಲ್ಲ. ಸಿಕ್ಕಿದ್ದು ಮೊನಚು ಕಿವಿಯ ಒಬ್ಬ ಮನುಷ್ಯನ ಮುಖ ಮಾತ್ರ. ಕಳೆದ ಮಳೆಗಾಲದಲ್ಲಿ ಮೊಮ್ಮಗನು ಅದೇ ಸರಣಿಯ ಒಂದು ಕಂತನ್ನು ತನ್ನ ಕಂಪ್ಯೂಟರಿನಲ್ಲಿ ತೋರಿಸಿದನು. ಐವತ್ತು ನಿಮಿಷದ ಆ ಕಂತನ್ನು ಈಗ ಮೂರು ಸಲ ನೋಡಿದ್ದೇನೆ. ಮೊದಲನೆಯ ಸಲ ಮೊಮ್ಮಗನ ಸಂತೋಷಕ್ಕಾಗಿ, ಉಳಿದೆರಡು ಸಲ ನನ್ನದೇ ಒಂದು ಹಳೆಯ ಲೆಕ್ಕವನ್ನು ತಾಳೆ ನೋಡುವುದಕ್ಕಾಗಿ.

ಕಂತಿನ ಹೆಸರು 'ದ ಡೆವಿಲ್ ಇನ್ ದ ಡಾರ್ಕ್', ಎಂದರೆ ಕತ್ತಲೆಯೊಳಗಿನ ಪಿಶಾಚಿ. ಅಮೆರಿಕದಲ್ಲಿ ಅದು ಮೊದಲು ಪ್ರಸಾರವಾದದ್ದು 1967ರ ಮಾರ್ಚ್ 9ರಂದು. ಬರೆದವರು ಜೀನ್ ಕೂನ್, ನಿರ್ದೇಶಿಸಿದವರು ಜೋಸೆಫ್ ಪೆವ್ನಿ. ಕಥೆ ಸರಳವಾಗಿದೆ. ಜೇನಸ್ 6 ಎಂಬ ದೂರದ ಗ್ರಹದಲ್ಲಿ ಮನುಷ್ಯರು ಗಣಿ ತೋಡುತ್ತಿದ್ದಾರೆ. ಅಲ್ಲಿ ಸಿಗುವ ಪರ್ಜಿಯಮ್ ಎಂಬ ಖನಿಜ ಎಷ್ಟೋ ಗ್ರಹಗಳಿಗೆ ಬೇಕಾದದ್ದು. ಹೊಸದಾಗಿ ಒಂದು ಆಳದ ಅಂತಸ್ತನ್ನು ತೆರೆದ ಮೇಲೆ, ಬಂಡೆಯನ್ನು ಬೆಣ್ಣೆಯಂತೆ ಕರಗಿಸುತ್ತ ಓಡಾಡುವ ಯಾವುದೋ ಒಂದು ಪ್ರಾಣಿ ಗಣಿಗಾರರನ್ನು ಕೊಲ್ಲತೊಡಗುತ್ತದೆ. ಐವತ್ತರಷ್ಟು ಜನ ಸತ್ತಿದ್ದಾರೆ. ಸಹಾಯಕ್ಕೆಂದು ಆಕಾಶನೌಕೆಯ ನಾಯಕ ಕರ್ಕ್, ಅವನ ಉಪನಾಯಕ ಸ್ಪಾಕ್, ವೈದ್ಯ ಮೆಕಾಯ್ ಬಂದಿಳಿಯುತ್ತಾರೆ. ಗಣಿಯ ಮುಖ್ಯಸ್ಥ ವ್ಯಾಂಡರ್‌ಬರ್ಗನ ಮೇಜಿನ ಮೇಲೆ ಕಾಗದದ ಭಾರಕ್ಕಿಟ್ಟಂತೆ ಒಂದು ದುಂಡನೆಯ ಕಲ್ಲುಗುಂಡು ಇರುತ್ತದೆ. ಅಂಥವು ಕೆಳಗಿನ ಅಂತಸ್ತಿನಲ್ಲಿ ಸಾವಿರಗಟ್ಟಲೆ ಸಿಕ್ಕಿವೆ, ಕೆಲಸಕ್ಕೆ ಬಾರದವು ಎಂದು ಒಡೆದು ಹಾಕಿದ್ದೂ ಆಗಿದೆ. ಅವು ಆ ಪ್ರಾಣಿಯ ಮೊಟ್ಟೆಗಳು. ಹೋರ್ಟಾ ಎಂಬ ಆ ಪ್ರಾಣಿ ಐವತ್ತು ಸಾವಿರ ವರ್ಷಗಳಿಗೊಮ್ಮೆ ತನ್ನ ಕುಲವೆಲ್ಲ ಅಳಿದಾಗ, ಮೊಟ್ಟೆಗಳನ್ನು ಕಾಯಲೆಂದು ಉಳಿಯುವ ಒಬ್ಬಳೇ ತಾಯಿ.

ಇಷ್ಟು ಹೇಳಿದೊಡನೆ ನಮ್ಮಲ್ಲಿ ಕೆಲವರಿಗೆ ಉತ್ಸಾಹ ಬರಬಹುದು. ಕಲ್ಲಿನಲ್ಲಿ ಜೀವವಿದೆಯೆಂದು ನಮ್ಮ ಆಗಮಗಳು ಹೇಳಿದ್ದನ್ನೇ ಅಮೆರಿಕದವರು ಒಪ್ಪಿದರು, ಪೃಥ್ವೀಕಾಯಿಕ ಜೀವವು ಟೀವಿಯಲ್ಲಿ ಬಂದೇ ಬಿಟ್ಟಿತು ಎಂದು. ಆ ಮಾತನ್ನು ಇಲ್ಲಿಯೇ ನಿಲ್ಲಿಸೋಣ. ಪೃಥ್ವೀಕಾಯಿಕ ಜೀವವು ಏಕೇಂದ್ರಿಯ, ಸ್ಥಾವರ. ಸ್ಪರ್ಶದ ಹೊರತು ಅದಕ್ಕೆ ಬೇರೆ ಇಂದ್ರಿಯವಿಲ್ಲ. ಹೋರ್ಟಾ ಓಡಾಡುತ್ತಾಳೆ, ಯೋಚಿಸುತ್ತಾಳೆ, ದುಃಖಿಸುತ್ತಾಳೆ. ನಮ್ಮ ವರ್ಗೀಕರಣದಲ್ಲಿ ಅವಳನ್ನು ಎಲ್ಲಿಯಾದರೂ ಸೇರಿಸುವುದಾದರೆ ಮನಸ್ಸುಳ್ಳ ಸಂಜ್ಞೀ ಜೀವಗಳ ಸಾಲಿಗೇ ಸೇರಿಸಬೇಕು. ಅವಳ ದೇಹ ಸಿಲಿಕಾನಿನದು ಎಂಬುದು ಕಥೆಗಾರನ ಕಲ್ಪನೆ ಮಾತ್ರ. ಧರ್ಮಗ್ರಂಥಗಳಿಗೆ ಟೀವಿಯ ಸಾಕ್ಷಿ ಬೇಡ. ಟೀವಿಯ ಕಥೆಗೂ ಧರ್ಮಗ್ರಂಥದ ರುಜು ಬೇಡ. ನಾನು ಈ ಕಂತನ್ನು ಮೆಚ್ಚಿದ್ದು ಕಲ್ಲಿನ ಜೀವದ ಕಾರಣದಿಂದಲ್ಲ, ಅದರ ಸುತ್ತ ನಿಂತ ಮನುಷ್ಯರ ಪರಸ್ಪರ ಸಂಬಂಧದ ಕಾರಣದಿಂದ.

ಮುಖ್ಯವಾದದ್ದು ಕರ್ಕ್ ಮತ್ತು ಸ್ಪಾಕರ ಸ್ನೇಹ. ಕರ್ಕ್ ಭಾವುಕ, ಕ್ಷತ್ರಿಯ ಸ್ವಭಾವದವನು. ಸ್ಪಾಕ್ ಅರ್ಧ ಮಾತ್ರ ಮನುಷ್ಯ. ಭಾವನೆಗಳನ್ನು ನಿಗ್ರಹಿಸಿ ತರ್ಕವನ್ನೇ ವ್ರತವಾಗಿ ಹಿಡಿದ ಜನಾಂಗಕ್ಕೆ ಸೇರಿದವನು. ಪ್ರಾಣಿಯನ್ನು ಕಂಡಲ್ಲಿ ಕೊಲ್ಲಬೇಕೆಂಬುದು ನಾಯಕನ ನಿರ್ಧಾರ. ಸ್ಪಾಕ್ ಮಾತ್ರ ಕಾವಲುಗಾರರಿಗೆ, ಸಾಧ್ಯವಾದರೆ ಹಿಡಿಯಿರಿ ಎಂದು ಮೆತ್ತಗೆ ಸೂಚಿಸಿರುತ್ತಾನೆ. ಅದು ತನ್ನ ಕುಲದ ಕೊನೆಯದಿರಬಹುದು, ಅದನ್ನು ಕೊಲ್ಲುವುದು ಜ್ಞಾನಕ್ಕೆ ಮಾಡಿದ ಅಪರಾಧ ಎಂಬುದು ಅವನ ವಾದ. ಕರ್ಕ್ ಅದನ್ನು ಒಪ್ಪುವುದಿಲ್ಲ. ಇನ್ನೊಬ್ಬನ ಪ್ರಾಣ ಹೋಗುವುದಕ್ಕೂ ಅವನು ಸಿದ್ಧನಿಲ್ಲ. ಗೃಹಸ್ಥನಿಗೆ ಸಂಪೂರ್ಣವಾಗಿ ತಪ್ಪಿಸಲಾಗದ ಹಿಂಸೆಗಳಲ್ಲಿ ವಿರೋಧೀ ಹಿಂಸೆಯೂ ಒಂದೆಂದು ನಾವು ಎಣಿಸುತ್ತೇವಲ್ಲವೆ? ಆಶ್ರಿತರ ರಕ್ಷಣೆಗಾಗಿ ನಿಂತವನ ಹಿಂಸೆ ಅದು. ಕರ್ಕ್‌ನನ್ನು ಕ್ರೂರಿಯೆಂದು ಕರೆಯುವುದು ಸುಲಭ, ಆದರೆ ನ್ಯಾಯವಲ್ಲ.

ಬೇಟೆ ಅಪಾಯಕರವೆಂದು ತಿಳಿದಾಗ ಕರ್ಕ್ ಏನೋ ನೆಪ ಹೇಳಿ ಸ್ಪಾಕನನ್ನು ಯಂತ್ರದ ರಿಪೇರಿಗೆ ಕಳಿಸಲು ನೋಡುತ್ತಾನೆ. ಇಬ್ಬರೂ ಒಟ್ಟಿಗೆ ಸಾಯಬಾರದೆಂಬುದು ಅವನ ಉದ್ದೇಶ. ಸ್ಪಾಕ್ ಒಪ್ಪದೆ, ಇಬ್ಬರೂ ಸಾಯುವ ಸಂಭವ 2,228.7ಕ್ಕೆ ಒಂದು ಎಂದು ಲೆಕ್ಕ ಒಪ್ಪಿಸುತ್ತಾನೆ. ಜಮಾಖರ್ಚು ಬರೆದೇ ಕೂದಲು ನರೆತ ನನಗೆ ಆ ದಶಮಾಂಶ ಬಹಳ ಹಿಡಿಸಿತು. ನಿಮ್ಮನ್ನು ಬಿಟ್ಟು ಹೋಗಲಾರೆ ಎನ್ನಲು ಬಾಯಿ ಬಾರದವನು ಆ ಮಾತನ್ನು ಬಿಂದುವಿನ ಆಚೆಯ ಅಂಕಿಯಲ್ಲಿ ಹೇಳುತ್ತಿದ್ದಾನೆ. ಕರ್ಕ್‌ಗೆ ಅದು ಅರ್ಥವಾಗುತ್ತದೆ. ಮರುಮಾತಿಲ್ಲದೆ ಜೊತೆಗೆ ಕರೆದುಕೊಳ್ಳುತ್ತಾನೆ. ನಮ್ಮ ಮನೆಗಳ ಹಿರಿಯರಲ್ಲಿ ಇಂಥವರನ್ನು ಎಷ್ಟು ಜನರನ್ನು ಕಂಡಿಲ್ಲ!

ಮುಂದೆ ಸುರಂಗ ಕವಲೊಡೆಯುತ್ತದೆ, ಇಬ್ಬರೂ ಬೇರೆಯಾಗುತ್ತಾರೆ. ಕರ್ಕ್ ಒಬ್ಬನೇ ಇರುವಾಗ ಹೋರ್ಟಾ ಎದುರಿಗೆ ಬರುತ್ತಾಳೆ. ಈಗ ನೋಡಿ: ಕೊಲ್ಲಬೇಡಿ ಎಂದು ವಾದಿಸಿದ್ದ ಸ್ಪಾಕನೇ ಯಂತ್ರದ ಮೂಲಕ, ಕೂಡಲೇ ಕೊಲ್ಲಿರಿ ಎಂದು ಒತ್ತಾಯಿಸುತ್ತಾನೆ. ಕೊಲ್ಲಿರಿ ಎಂದು ಆಜ್ಞೆ ಮಾಡಿದ್ದ ಕರ್ಕ್ ಆಯುಧ ಹಿಡಿದೂ ಪ್ರಯೋಗಿಸದೆ ನಿಲ್ಲುತ್ತಾನೆ. ಪ್ರಾಣಿಗೆ ಗಾಯವಾಗಿದೆ, ಅದು ಮುನ್ನುಗ್ಗುತ್ತಿಲ್ಲ ಎಂಬುದನ್ನು ಅವನ ಕಣ್ಣು ಕಂಡಿದೆ. ಸ್ನೇಹಿತನ ಪ್ರಾಣ ತಕ್ಕಡಿಯಲ್ಲಿ ಬಂದ ಕ್ಷಣ ಸ್ಪಾಕನ ತತ್ತ್ವ ಅಲುಗಿತು. ಎದುರಾಳಿಯನ್ನು ಕಣ್ಣಾರೆ ಕಂಡ ಕ್ಷಣ ಕರ್ಕ್‌ನ ಆಜ್ಞೆ ಕರಗಿತು. ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಬಂದದ್ದನ್ನು ಇಬ್ಬರೂ ಗಮನಿಸಿದಂತೆ ಕಾಣುವುದಿಲ್ಲ. ಇಡೀ ಕಂತಿನಲ್ಲಿ ನನಗೆ ಅತ್ಯುತ್ತಮವೆನಿಸಿದ್ದು ಈ ಅದಲುಬದಲು. ಕಥೆಗಾರನು ಅದನ್ನು ವಿವರಿಸದೆ ಬಿಟ್ಟಿರುವುದೇ ಅವನ ಸಂಯಮ. ದಯೆಯು ಸಿದ್ಧಾಂತದಲ್ಲಿ ಒಬ್ಬನಿಗೆ ಸುಲಭ, ಸನ್ನಿಧಿಯಲ್ಲಿ ಇನ್ನೊಬ್ಬನಿಗೆ ಸುಲಭ. ಎರಡೂ ಒಬ್ಬನಲ್ಲೇ ಇರುವುದು ಅಪರೂಪ. ಬಹುಶಃ ಅದಕ್ಕೇ ನಮಗೆ ಗೆಳೆಯರು ಬೇಕಾಗುವುದು.

ಸ್ಪಾಕ್ ತನ್ನ ಮನಸ್ಸನ್ನು ಅನ್ಯರ ಮನಸ್ಸಿಗೆ ಬೆಸೆಯಬಲ್ಲವನು. ಅವನು ಹೋರ್ಟಾಳ ಮನಸ್ಸನ್ನು ಸ್ಪರ್ಶಿಸಿದಾಗ ಮೊದಲು ಸಿಗುವುದು ವಿಚಾರವಲ್ಲ, ನೋವು. ಆ ಸ್ಪರ್ಶದಿಂದ ಅವಳೂ ಮನುಷ್ಯರ ಭಾಷೆಯ ಚೂರನ್ನು ಪಡೆದು ಬಂಡೆಯ ಮೇಲೆ ಮೂರು ಪದಗಳನ್ನು ಸುಟ್ಟು ಬರೆಯುತ್ತಾಳೆ: ಒಂದು ನಿಷೇಧ, ಒಂದು ಕೊಲೆ, ಒಂದು ನಾನು. ವಿಭಕ್ತಿ ಪ್ರತ್ಯಯವಿಲ್ಲ, ಕರ್ತೃ ಯಾರು ಕರ್ಮ ಯಾರು ತಿಳಿಯದು. ನನ್ನನ್ನು ಕೊಲ್ಲಬೇಡಿ ಎಂಬ ಬೇಡಿಕೆಯೋ, ನಾನು ಕೊಲ್ಲುವುದಿಲ್ಲ ಎಂಬ ಪ್ರತಿಜ್ಞೆಯೋ? ಕರ್ಕ್ ಕೂಡ ಇದನ್ನೇ ಕೇಳುತ್ತಾನೆ. ಮೂರನೆಯ ಸಲ ನೋಡುವಾಗ ನಾನು ಇಲ್ಲಿ ನಿಲ್ಲಿಸಿ ಬಹಳ ಹೊತ್ತು ಕುಳಿತೆ. ಅಹಿಂಸಾಣುವ್ರತವನ್ನು ಸ್ವೀಕರಿಸುವಾಗ ನಾವು ಹೇಳುವುದು ಎರಡನೆಯ ಅರ್ಥವನ್ನು ಮಾತ್ರ. ಮೊದಲನೆಯ ಅರ್ಥವನ್ನು ಹೇಳುವವರ ಭಾಷೆ ನಮಗೆ ಬರುವುದಿಲ್ಲವೆಂದು ಅದನ್ನು ಕೇಳದೆ ಬಿಟ್ಟಿರುತ್ತೇವೆ. ವ್ಯಾಕರಣ ತಪ್ಪಿದ ಆ ವಾಕ್ಯದಲ್ಲಿ ಎರಡೂ ಒಂದಾಗಿವೆ.

ಇನ್ನೊಂದು ಸಂಗತಿ. ಈ ಕಂತಿನಲ್ಲಿ ಮಾತನಾಡುವ ಸ್ತ್ರೀಪಾತ್ರ ಒಂದೂ ಇಲ್ಲ. ಗಣಿಯಲ್ಲಿ ಗಂಡಸರು, ನೌಕೆಯಿಂದ ಬಂದವರು ಗಂಡಸರು. ಹೆಣ್ಣೆಂದರೆ ಹೋರ್ಟಾ ಒಬ್ಬಳೇ, ಅವಳ ಅಳಲೂ ಒಬ್ಬ ಗಂಡಸಿನ ಬಾಯಿಂದ ಬರಬೇಕು. ಆ ಕಾಲದ ಅಮೆರಿಕದ ಟೀವಿಯ ಕೊರತೆ ಇದೆಂದು ಹೇಳಬಹುದು. ಆದರೂ ಲಿಯೊನಾರ್ಡ್ ನಿಮೊಯ್ ಎಂಬ ನಟ ಸ್ಪಾಕನ ಪಾತ್ರದಲ್ಲಿ ಕಲ್ಲಿಗೆ ಕೈಯೂರಿ, ಮಕ್ಕಳನ್ನು ಕಳೆದುಕೊಂಡ ತಾಯಿಯಾಗಿ ನರಳುವಾಗ, ಭಾವನೆಯನ್ನೇ ತೊರೆದವನ ಕಂಠದಿಂದ ಆ ಭಾವನೆ ಬರುತ್ತಿರುವುದರಿಂದ ಅದಕ್ಕೆ ಇಮ್ಮಡಿ ಬಲ ಬಂದಿದೆ. ಹೋರ್ಟಾಳ ವೇಷವಾದರೋ, ನಿಜ ಹೇಳಬೇಕೆಂದರೆ, ಹಳೆಯ ಕಂಬಳಿಯ ಮುದ್ದೆಯಂತಿದೆ. ಹಂಗೆರಿಯಲ್ಲಿ ಹುಟ್ಟಿದ ಯಾನೋಶ್ ಪ್ರೊಹಾಸ್ಕಾ ಅದನ್ನು ತಯಾರಿಸಿ, ತಾನೇ ಒಳಹೊಕ್ಕು ತೆವಳಿದನು. ಮೊಮ್ಮಗ ನಕ್ಕ. ಹದಿನೈದು ನಿಮಿಷದ ಮೇಲೆ ಅವನೂ ನಗಲಿಲ್ಲ. ಚಿತ್ರೀಕರಣದ ನಡುವೆ, ಕರ್ಕ್‌ನ ಪಾತ್ರಧಾರಿ ವಿಲಿಯಂ ಶಾಟ್ನರನಿಗೆ ತಂದೆ ತೀರಿಕೊಂಡ ಸುದ್ದಿ ಬಂದಿತಂತೆ. ಆದರೂ ಆತ ಆ ದಿನದ ಕೆಲಸವನ್ನು ಮುಂದುವರಿಸಿದನು. ತನಗೆ ಅತ್ಯಂತ ಪ್ರಿಯವಾದ ಕಂತು ಇದೇ ಎಂದು ಆತ ಮುಂದೆ ಹೇಳಿಕೊಂಡಿದ್ದಾನೆ.

ವೈದ್ಯ ಮೆಕಾಯ್‌ನ ಪಾತ್ರ ಚಿಕ್ಕದು. ಕಲ್ಲಿಗೆ ಹೇಗೆ ಮದ್ದು ಮಾಡಲಿ ಎಂದು ಗೊಣಗುತ್ತಲೇ, ಗಾರೆಯವನಂತೆ ಕಾಂಕ್ರೀಟನ್ನು ಗಾಯಕ್ಕೆ ಮೆತ್ತಿ ಗುಣಪಡಿಸುತ್ತಾನೆ. ನಂಬಿಕೆಯಿಲ್ಲದೆ ಮಾಡಿದ ಶುಶ್ರೂಷೆಯೂ ಶುಶ್ರೂಷೆಯೇ.

ಈಗ ನನ್ನ ಆಕ್ಷೇಪಕ್ಕೆ ಬರುತ್ತೇನೆ. ದೊಣ್ಣೆ ಹಿಡಿದು ನುಗ್ಗಿದ ಗಣಿಗಾರರಿಗೆ ಕರ್ಕ್ ಅಡ್ಡನಿಂತು ಸತ್ಯ ತಿಳಿಸುತ್ತಾನೆ. ಅನಂತರ ಒಂದು ಒಪ್ಪಂದವಾಗುತ್ತದೆ. ಹೋರ್ಟಾಳ ಮರಿಗಳು ತಮ್ಮ ಸ್ವಭಾವದಂತೆ ಸುರಂಗ ಕೊರೆಯಲಿ, ಗಣಿಗಾರರು ಖನಿಜವನ್ನು ಆರಿಸಿಕೊಳ್ಳಲಿ, ಒಬ್ಬರ ತಂಟೆಗೆ ಒಬ್ಬರು ಬಾರದಿರಲಿ. ಕೊನೆಗೆ ವ್ಯಾಂಡರ್‌ಬರ್ಗ್ ಹಿಗ್ಗಿನಿಂದ ವರದಿ ಮಾಡುತ್ತಾನೆ: ಸಂಪತ್ತು ಹರಿದು ಬರುತ್ತಿದೆ, ಈ ಪ್ರಾಣಿಗಳೂ ನೋಡನೋಡುತ್ತ ಅಭ್ಯಾಸವಾಗಿವೆ ಎಂದು. ಭೂಮಿಯನ್ನು ಅಗೆದು ಒಡೆಯುವ ಕಸುಬನ್ನು ಶ್ರಾವಕನು ವರ್ಜಿಸಬೇಕಾದ ಹದಿನೈದು ವೃತ್ತಿಗಳಲ್ಲಿ ನಮ್ಮ ಗ್ರಂಥಗಳು ಎಣಿಸಿವೆ. ಆ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಅದು ಹೋಗಲಿ. ಲಾಭವಿಲ್ಲದಿದ್ದರೆ ಈ ಶಾಂತಿ ನಿಲ್ಲುತ್ತಿತ್ತೆ? ದಯೆಗೆ ಬಡ್ಡಿ ಬರುವಂತೆ ಕಥೆಯನ್ನು ಹೊಂದಿಸಿದ್ದಾರೆ. ನಮ್ಮ ಗೋವಿನ ಹಾಡಿನಲ್ಲಿ ಪುಣ್ಯಕೋಟಿಯಿಂದ ಹುಲಿಗೆ ಯಾವ ಲಾಭವೂ ಆಗಲಿಲ್ಲ, ಪ್ರಾಣವನ್ನೇ ತೆತ್ತಿತು. ಕೇವಲ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಕ್ಕೆ ಭವಭವಗಳ ಬೆಲೆಯಿಟ್ಟ ಜನ್ನಕವಿಯ ಮುಂದೆ, ಸಾವಿರಾರು ಮೊಟ್ಟೆಗಳನ್ನು ಒಡೆದವರು ಇಷ್ಟು ಅಗ್ಗದಲ್ಲಿ ಪಾರಾದರೆಂದು ತೋರುತ್ತದೆ.

ಆದರೆ ವ್ಯಾಪಾರಿಯಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮೊಟ್ಟೆಗಳ ಸಂಗತಿ ತಿಳಿದೊಡನೆ ವ್ಯಾಂಡರ್‌ಬರ್ಗ್, ನಮಗೆ ತಿಳಿದಿರಲಿಲ್ಲ ಎನ್ನುತ್ತಾನೆ. ಅವನ ಮುಖ ಇಳಿಯುತ್ತದೆ. ಲಾಭದ ಮಾತು ಬರುವುದು ಅನಂತರ. ಖಾತೆಯಲ್ಲಿ ಯಾವ ನಮೂದು ಮೊದಲು ಬಿತ್ತು ಎಂಬುದು ಮುಖ್ಯ. ಪ್ರಮಾದದಿಂದ ಆದ ಪ್ರಾಣಹಾನಿಯೇ ಹಿಂಸೆಯೆಂದು ನಾವು ಕಲಿತಿದ್ದೇವೆ. ತಿಳಿಯದೆ ಮಾಡಿದ್ದು ಪ್ರಮಾದವೇ ಅಲ್ಲವೇ ಎಂಬುದಕ್ಕೆ ಆ ಕಲ್ಲುಗುಂಡು ಉತ್ತರ ಹೇಳುತ್ತದೆ. ಅದು ಮೊದಲಿನಿಂದ ಅವನ ಮೇಜಿನ ಮೇಲೆಯೇ ಇತ್ತು. ಹೊರಗಿನಿಂದ ಬಂದ ಸ್ಪಾಕ್ ಅದನ್ನು ಕೈಗೆತ್ತಿಕೊಂಡು ನೋಡಿದ. ದಿನವೂ ಅದರ ಮುಂದೆ ಕುಳಿತವನು ನೋಡಿರಲಿಲ್ಲ.

ಮೊದಲೇ ಹೇಳಿದ ಹಳೆಯ ಲೆಕ್ಕ ಇದು. ಹಲವು ವರ್ಷಗಳ ಹಿಂದೆ, ಬೇಸಿಗೆಯ ಕೊನೆಯಲ್ಲಿ, ನಮ್ಮ ಅಡಿಕೆ ತೋಟದ ಅಂಚಿನಲ್ಲಿ ತರಗೆಲೆಯ ಒಂದು ದೊಡ್ಡ ಗುಪ್ಪೆ ಕಾಣಿಸಿತು. ಅದರ ಮೇಲೆ ಕಾಳಿಂಗ ಸರ್ಪ. ಎಲೆಗಳನ್ನು ಒಟ್ಟಿ ಗೂಡು ಮಾಡಿ ಮೊಟ್ಟೆಯಿಟ್ಟು ಕಾಯುವುದು ಆ ಹಾವಿನ ಹೆಣ್ಣಿನ ಸ್ವಭಾವವೆಂದು ಆಗ ನನಗೆ ತಿಳಿಯದು. ಮೊಮ್ಮಕ್ಕಳು ಓಡಾಡುವ ಜಾಗ, ಆಳುಗಳು ಒಳಗೆ ಹೋಗಲು ಒಪ್ಪುತ್ತಿಲ್ಲ. ಪ್ರತಿನಿತ್ಯ ಸಾಮಾಯಿಕ ಮಾಡುವ ನಾನು, ಗುಪ್ಪೆಗೆ ಬೆಂಕಿ ಹಾಕಿರೆಂದು ಹೇಳಿದೆ. ಹೇಳಿದ್ದು ನಾನೇ, ಅದನ್ನು ಯಾರ ಮೇಲೂ ಹಾಕಲಾರೆ. ತಡೆದವನು ತೋಟದ ಹಳೆಯ ಆಳು. ಅವನು ನಮ್ಮ ಧರ್ಮದವನಲ್ಲ, ಹಾವೆಂದರೆ ಎಲ್ಲರಿಗಿಂತ ಹೆಚ್ಚು ಅಂಜುವವನು. ಅದು ಬಾಣಂತಿ ಒಡೆಯರೇ, ಮಳೆ ಬೀಳಲಿ, ತಾನೇ ಹೋಗುತ್ತದೆ ಎಂದ. ಕಾದೆವು. ಮಳೆ ಬಿತ್ತು, ಒಂದು ದಿನ ಗುಪ್ಪೆ ಬರಿದಾಗಿತ್ತು. ಆ ವರ್ಷ ತೋಟದ ಆ ಭಾಗಕ್ಕೆ ಗೊಬ್ಬರವೂ ಆಗಲಿಲ್ಲ, ಕೊಳೆರೋಗಕ್ಕೆ ಔಷಧಿಯನ್ನೂ ಹೊಡೆಯಲಾಗಲಿಲ್ಲ. ಫಸಲಿನಲ್ಲಿ ಖೋತಾ ಬಿತ್ತು. ಜೇನಸ್ 6ರವರಂತೆ ನಮಗೆ ಯಾವ ಚಿನ್ನವೂ ಸಿಗಲಿಲ್ಲ. ಇಷ್ಟು ವರ್ಷ ಇದನ್ನು ನನ್ನ ದಯೆಯ ಕಥೆಯೆಂದೇ ಬಂಧುಗಳಿಗೆ ಹೇಳುತ್ತ ಬಂದಿದ್ದೆ. ಕಂತು ಮುಗಿದ ರಾತ್ರಿ ಮೊಮ್ಮಗನಿಗೆ ಮೊದಲ ಸಲ ಇದ್ದದ್ದು ಇದ್ದಂತೆ ಹೇಳಿದೆ.

ಮರುವಾರ ಅವನನ್ನು ಯಾಣಕ್ಕೆ ಕರೆದೊಯ್ದೆ. ಕತಗಾಲಕ್ಕೆ ಯಾಣ ದೂರವಲ್ಲ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಕಪ್ಪು ಸುಣ್ಣಕಲ್ಲನ್ನು ಮುಟ್ಟುವ ಮೊದಲು ಹುಡುಗ ಒಂದು ಕ್ಷಣ ಕೈ ಹಿಂದೆಗೆದ. ನಾನೇನೂ ಹೇಳಲಿಲ್ಲ.

ಟೀವಿಯ ಸಣ್ಣ ಕಂತಿನಲ್ಲಿ ಮನುಷ್ಯ ಸಂಬಂಧದ ಸೂಕ್ಷ್ಮಗಳನ್ನು ಹಿಡಿಯಬಹುದೆಂದು ನಮ್ಮ ಹೊನ್ನಾವರದ ಕಡೆಯವರೇ ಆದ ಶಂಕರನಾಗ್ 1986ರಲ್ಲಿ 'ಮಾಲ್ಗುಡಿ ಡೇಸ್' ಮೂಲಕ ತೋರಿಸಿದ್ದರು. ಆದ್ದರಿಂದ ಈ ಕಂತಿನ ಮುಕ್ತಾಯದ ಕುರಿತು ಒಂದು ಅತೃಪ್ತಿಯನ್ನು ದಾಖಲಿಸುತ್ತೇನೆ. ಕೊನೆಯ ದೃಶ್ಯ ನೌಕೆಯಲ್ಲಿ ನಡೆಯುತ್ತದೆ. ಹೋರ್ಟಾಳಿಗೆ ಮನುಷ್ಯರ ರೂಪ ಅಸಹ್ಯವೆನಿಸಿತು, ತನ್ನ ಕಿವಿಗಳು ಮಾತ್ರ ಮೆಚ್ಚಿಗೆಯಾದವು ಎಂದು ಸ್ಪಾಕ್ ಗಂಭೀರವಾಗಿ ತಿಳಿಸುತ್ತಾನೆ. ನೀನು ದಿನೇದಿನೇ ಮನುಷ್ಯನಂತಾಗುತ್ತಿರುವೆ ಎಂದು ಕರ್ಕ್ ಕೆಣಕುತ್ತಾನೆ. ಸ್ಪಾಕ್ ಅದನ್ನು ಅವಮಾನವೆಂದು ಭಾವಿಸುತ್ತಾನೆ. ಹಾಸ್ಯ ಚೆನ್ನಾಗಿದೆ, ಗೆಳೆತನ ಮೊದಲಿನ ಹದಕ್ಕೆ ಮರಳಿದೆ. ಆದರೆ ತಾಯಿಯನ್ನು ನಾವು ಮತ್ತೆ ನೋಡುವುದಿಲ್ಲ, ಮರಿಗಳನ್ನು ನೋಡುವುದೇ ಇಲ್ಲ. ವ್ಯಾಂಡರ್‌ಬರ್ಗನ ವರದಿಯೂ ಧ್ವನಿಯಾಗಿ ಬಂದು ಹೋಗುತ್ತದೆ. ಅವನು ಆ ಮೇಜಿನ ಮೇಲಿನ ಗುಂಡನ್ನು ಎತ್ತಿಕೊಂಡು ಕೆಳಗಿನ ಅಂತಸ್ತಿಗೆ ಇಳಿದು ಹೋಗಿ ಅದನ್ನು ಉಳಿದವುಗಳ ಜೊತೆಗಿಡುವ ಒಂದು ದೃಶ್ಯ ಇರಬೇಕಿತ್ತು.