ರಾಬಿನ್‌ನನ್ನು ಹೊರಗೇ ನಿಲ್ಲಿಸಿದವರು

ರಾಬಿನ್ ಬಂದರೆ ಚಿತ್ರ ಕೆಟ್ಟಿತು. ಬ್ಯಾಟ್‌ಮನ್ ಚಿತ್ರಗಳನ್ನು ಮೆಚ್ಚುವವರಲ್ಲಿ ಈ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ಹಳದಿ ಹೊದಿಕೆ, ಹಸಿರು ಚಡ್ಡಿಯ ಆ ಹುಡುಗ ಕತ್ತಲಿನ ಗಾಂಭೀರ್ಯವನ್ನು ಹಾಳು ಮಾಡುತ್ತಾನೆ ಎಂಬುದು ಅವರ ದೂರು. ಈ ದೂರನ್ನು ನಾವು ಒಪ್ಪುವುದಿಲ್ಲ.

1940ರಲ್ಲಿ 'ಡಿಟೆಕ್ಟಿವ್ ಕಾಮಿಕ್ಸ್'ನ 38ನೇ ಸಂಚಿಕೆಯಲ್ಲಿ ರಾಬಿನ್ ಹುಟ್ಟಿದ್ದೇ ಕತೆಗಾರನೊಬ್ಬನ ಕಷ್ಟದಿಂದ. ಒಂಟಿ ನಾಯಕ ಮಾತನಾಡುವುದಾದರೂ ಯಾರೊಂದಿಗೆ? ಹೋಮ್ಸ್‌ಗೆ ವಾಟ್ಸನ್ ಇದ್ದಂತೆ ಬ್ಯಾಟ್‌ಮನ್‌ಗೂ ಒಬ್ಬ ಜೊತೆಗಾರ ಬೇಕೆಂದು ಬಿಲ್ ಫಿಂಗರ್‌ಗೆ ಅನ್ನಿಸಿತ್ತು. ಕತೆ ಬರೆಯುವ ನಮಗೆ ಈ ಕಷ್ಟ ಹೊಸದಲ್ಲ. ಅಮೀರ್ ಹಂಝಾರ ದಾಸ್ತಾನ್ ಕೇಳುವಾಗಲೂ ನಾವು ಕಾದು ಕೂರುತ್ತಿದ್ದುದು ಹಂಝಾರಿಗಾಗಿ ಅಲ್ಲ, ಏನನ್ನು ಹಾಕಿದರೂ ತುಂಬದ ಜೋಳಿಗೆಯ ಅಮರ್ ಅಯ್ಯಾರನಿಗಾಗಿ.

ಆದರೆ ಅಯ್ಯಾರ್ ಬಲಿತ ಗಂಡಸು. ರಾಬಿನ್ ಇನ್ನೂ ಹುಡುಗ. ಸರ್ಕಸ್ಸಿನಲ್ಲಿ ತಂದೆತಾಯಿ ಮೇಲಿನಿಂದ ಬಿದ್ದು ಸತ್ತದ್ದನ್ನು ಕಣ್ಣಾರೆ ಕಂಡ ಅನಾಥ. ಅವನನ್ನು ಸಾಕಿಕೊಂಡ ಶ್ರೀಮಂತ ರಾತ್ರಿಯಾದರೆ ಬಂದೂಕುಗಳ ಮುಂದೆ ಕರೆದೊಯ್ಯುತ್ತಾನೆ. ಇದು ಸರಿಯೇ? ಚಿತ್ರದವರು ಹೆದರುವುದು ಈ ಪ್ರಶ್ನೆಗೇ ಹೊರತು ಹಸಿರು ಚಡ್ಡಿಗಲ್ಲ ಎಂಬುದು ನಮ್ಮ ಗುಮಾನಿ.

ತಪ್ಪಿಸಿಕೊಳ್ಳಲು ಅವರು ಹಿಡಿದ ದಾರಿಗಳೂ ಸ್ವಾರಸ್ಯವಾಗಿವೆ. 1995ರ 'ಬ್ಯಾಟ್‌ಮನ್ ಫಾರೆವರ್'ನಲ್ಲಿ ಜೋಯಲ್ ಶೂಮಾಕರ್ ಹುಡುಗನ ಬದಲು ಬೆಳೆದ ಯುವಕನನ್ನು ತಂದರು. ಮೋಟಾರ್ ಸೈಕಲ್ ಓಡಿಸುವವನಿಗೆ ಪೋಷಕನೇಕೆ? 1997ರ 'ಬ್ಯಾಟ್‌ಮನ್ ಅಂಡ್ ರಾಬಿನ್' ನೆಲಕಚ್ಚಿದಾಗ ಚಿತ್ರಕಥೆಯ ಪಾಪವೆಲ್ಲ ಆ ಪಾತ್ರದ ತಲೆಗೆ ಬಂತು. ಕ್ರಿಸ್ಟೋಫರ್ ನೋಲನ್ ಅಂತೂ ಮೂರು ಚಿತ್ರ ಮುಗಿಸಿ, 2012ರಲ್ಲಿ ಕೊನೆಯ ಗಳಿಗೆಗೆ ಒಬ್ಬ ಪೊಲೀಸನಿಗೆ ಆ ಹೆಸರನ್ನಷ್ಟೇ ದಾನ ಮಾಡಿದರು. ಕ್ಯಾಪ್ಟನ್ ಅಮೆರಿಕಾನ ಜೊತೆಗಾರ ಬಕಿಯೂ 1941ರ ಕಾಮಿಕ್ಸಿನಲ್ಲಿ ಹುಡುಗನೇ. 2011ರ ಚಿತ್ರ ಅವನನ್ನು ನಾಯಕನ ಓರಗೆಯ ಗೆಳೆಯನನ್ನಾಗಿ ಮಾಡಿತು. ಜಾಣತನ, ನಿಜ.

ಕಾಮಿಕ್ಸ್ ಹೀಗೆ ನುಣುಚಿಕೊಳ್ಳಲಿಲ್ಲ. 1988ರಲ್ಲಿ ಎರಡನೇ ರಾಬಿನ್ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂದು ಪ್ರಕಾಶಕರು ಓದುಗರನ್ನೇ ಕೇಳಿದರು. ಫೋನ್ ಮಾಡಿ ಮತ ಹಾಕಬೇಕಿತ್ತು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಎಪ್ಪತ್ತೆರಡು ಮತಗಳಿಂದ ಹುಡುಗ ಸತ್ತ. ಕಾಗದದ ಮೇಲಿನ ಸಾವೇ ಇರಬಹುದು, ಆದರೂ ಈ ಲೆಕ್ಕ ಓದಿದಾಗ ನಮಗೆ ಹೊಟ್ಟೆ ತೊಳಸಿದಂತಾಯಿತು. ಆ ಬಳಿಕ ಬ್ಯಾಟ್‌ಮನ್ ತನ್ನ ಗುಹೆಯಲ್ಲಿ ಆ ಪುಟ್ಟ ಉಡುಪನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬದುಕಬೇಕಾಯಿತು. 2016ರ ಚಿತ್ರವೊಂದು ಆ ಉಡುಪನ್ನು ತೋರಿಸಿತು, ಹುಡುಗನನ್ನು ತೋರಿಸಲಿಲ್ಲ. ದುಃಖ ಬೇಕು, ದುಃಖಕ್ಕೆ ಕಾರಣನಾದವನು ಬೇಡ!

ಮ್ಯಾಟ್ ರೀವ್ಸ್ ಅವರ 2022ರ 'ದ ಬ್ಯಾಟ್‌ಮನ್'ನಲ್ಲೂ ರಾಬಿನ್ ಇಲ್ಲ. ಆದರೆ ಕೊಲೆಯಾದ ಮೇಯರನ ಮಗನೊಬ್ಬನಿದ್ದಾನೆ. ನಾಯಕ ಅವನನ್ನು ನೋಡುವ ನೋಟದಲ್ಲಿ ತನ್ನದೇ ಬಾಲ್ಯವಿದೆ. ಕೊನೆಗೆ ನೆರೆನೀರಿನಲ್ಲಿ ಆ ಹುಡುಗ ಅವನ ಕೈ ಹಿಡಿಯುತ್ತಾನೆ. ಅಂಥವನೊಬ್ಬ ನಾಯಕನ ಮನೆಗೂ ಬರಲಿ. ಮುಖವಾಡ ಆಮೇಲಾಯಿತು, ಮೊದಲು ಆ ದೊಡ್ಡ ಖಾಲಿ ಮನೆಯಲ್ಲಿ ನಿಂತು, ರಾತ್ರಿಯಿಡೀ ಎಲ್ಲಿಗೆ ಹೋಗುತ್ತೀಯ ಎಂದು ಕೇಳಲಿ.