‘ಮತ್ತು ಸಂಗಡಿಗರು’

1858ರಲ್ಲಿ ಕೊಪ್ಪಳ ಕೋಟೆಯಲ್ಲಿ ಬ್ರಿಟಿಷರೊಡನೆ ಕಾದಾಡಿ ಸತ್ತವರೆಂದು ನಮ್ಮ ಪುಸ್ತಕಗಳು ಹೇಳುವ ಹೆಸರುಗಳು ಎರಡೇ: ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ. ಉಳಿದವರು ‘ಮತ್ತು ಸಂಗಡಿಗರು’. ಈ ಎರಡು ಪದಗಳ ಬಗ್ಗೆ ನನ್ನ ತಕರಾರಿದೆ.

ಅದೇ ಬಂಡಾಯ ಕಾಲದ ಹಲಗಲಿ ಬೇಡರ ಲಾವಣಿಯನ್ನೇ ನೋಡಿ. ಹತ್ಯಾರು ಒಪ್ಪಿಸಲೊಲ್ಲದೆ 1857ರಲ್ಲಿ ತಿರುಗಿಬಿದ್ದ ಹನುಮ, ಬಾಲ, ಜಡಗ, ರಾಮರನ್ನು ಅದು ಹೆಸರು ಹಿಡಿದೇ ಕರೆಯುತ್ತದೆ. ಇವರಾರೂ ದೊರೆಗಳಲ್ಲ, ದೇಸಾಯಿಗಳೂ ಅಲ್ಲ. ಊರಿನ ನಾಲಿಗೆ ಋಣ ತೀರಿಸುವುದು ಹೀಗೆ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ! ಇರಲಿ.

ಇದೇ ಕೊಪ್ಪಳ ಕೋಟೆ 1790-91ರಲ್ಲಿ ಬ್ರಿಟಿಷರ ಮತ್ತು ನಿಜಾಮರ ಜಂಟಿ ಸೈನ್ಯಕ್ಕೆ ಸುಮಾರು ಆರು ತಿಂಗಳು ಮಣಿಯಲಿಲ್ಲ. ನಾವು ಕೋಟೆಯನ್ನು ಮರಳಿ ಕಟ್ಟಿಸಿದ ಟಿಪ್ಪುವನ್ನೂ ಫ್ರೆಂಚ್ ಇಂಜಿನಿಯರರನ್ನೂ ನೆನೆಯುತ್ತೇವೆ, ಗೋಡೆಯ ಮೇಲೆ ನಿಂತವರನ್ನಲ್ಲ. ಟಿಪ್ಪುವಿನ ಪರ-ವಿರೋಧದ ಜಗಳದಲ್ಲಂತೂ ಆ ಸಿಪಾಯಿಗಳು ಇನ್ನೊಮ್ಮೆ ಸತ್ತಿದ್ದಾರೆ. ಮುತ್ತಿಗೆ ಹಾಕಿದವರಲ್ಲಿ ನಿಜಾಮನ ಸೈನ್ಯವೂ ಇತ್ತೆಂಬುದನ್ನು ಎರಡೂ ಕಡೆಯವರು ಮರೆಯುತ್ತಾರೆ. ಧರ್ಮದ ಲೆಕ್ಕ ಇಲ್ಲಿ ತಾಳೆಯಾಗದು.

ಉರ್ದುವಿನಲ್ಲಿ ನಾವಾಡುವ ‘ಶಹೀದ್’ ಪದಕ್ಕೆ ಅರಬಿ ಮೂಲದಲ್ಲಿ ಸಾಕ್ಷಿ ಎಂಬರ್ಥ. ಹೆಸರಿಲ್ಲದ ಸಾಕ್ಷಿಯನ್ನು ಯಾವ ಕೋರ್ಟು ಕರೆದೀತು?

ಮೂರ್ತಿ, ವೃತ್ತ ಆಮೇಲಾಗಲಿ. ಮೊದಲು ನಮ್ಮ ಸಂಶೋಧಕರು ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಾಡುಗಾರರ ಬಳಿ ಕುಳಿತು ಆ ಸಂಗಡಿಗರು ಯಾರ ಮನೆಯವರೆಂದು ಕೇಳಲಿ.